ರಾತ್ರಿ ನಿದ್ದೆ ಕೆಡಿಸುವ ಕಿವಿನೋವಿಗೆ ನಾನು ಡ್ರಾಪ್ಸ್ ಕೊಡುವುದಿಲ್ಲ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಶಿರಸಿ ಕಡೆ ಬಟ್ಟೆ ಒಣಗುವುದಿಲ್ಲ, ಡಬ್ಬಿಯ ಉಪ್ಪು ನೀರೊಡೆಯುತ್ತದೆ, ಜನರ ಕಿವಿಯೂ ಒಣಗುವುದಿಲ್ಲ. ಆ ತಿಂಗಳುಗಳಲ್ಲಿ ನನ್ನ ಔಷಧಿ ಅಂಗಡಿಗೆ ಬಂದು ‘ಕಿವಿಗೆ ಬಿಡೋ ಔಷಧಿ ಒಂದು ಕೊಡಿ’ ಎಂದು ಯಾರೂ ಕೇಳದ ದಿನವಿಲ್ಲ. ಒಬ್ಬರಿಗೆ ಕಿವಿಯೊಳಗೆ ಕಡಿತ, ಇನ್ನೊಬ್ಬರಿಗೆ ಕಿವಿ ಕಟ್ಟಿದೆ, ಮತ್ತೊಬ್ಬರಿಗೆ ಸೋರುತ್ತಿದೆ. ಚೀಟಿ ತಂದವರು ಕಡಿಮೆ.

ಹೆಚ್ಚಿನವರದು ಸಾಮಾನ್ಯ ತೊಂದರೆಯೇ. ಕೀಲಿಕೈ, ಹೇರ್‌ಪಿನ್, ಬಡ್ಸ್, ಬೆಂಕಿಕಡ್ಡಿ ಹಾಕಿ ಕೆರೆದು ನಾಳದ ಚರ್ಮ ಗೀರಿರುತ್ತದೆ. ಆ ಗೀರಿನಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು ಊತ ಬರುತ್ತದೆ. ಇಲ್ಲವೇ ಬೂಷ್ಟು ಬೆಳೆದಿರುತ್ತದೆ. ಬಿಳಿ ಪದರದ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಅದು ಆಸ್ಪರ್ಜಿಲಸ್ ನೈಜರ್ ಎಂದು ವೈದ್ಯರು ನೋಡಿದ ಕೂಡಲೇ ಹೇಳುತ್ತಾರೆ. ಕಿವಿಯ ತೂತಿನ ಮುಂದಿರುವ ಸಣ್ಣ ಮೊನೆಯನ್ನು ಒತ್ತಿದರೆ, ಅಥವಾ ಹಾಲೆಯನ್ನು ಹಿಡಿದು ಎಳೆದರೆ ಜೀವ ಹೋದಂತೆ ನೋವಾದರೆ ತೊಂದರೆ ಹೊರಕಿವಿಯ ನಾಳದಲ್ಲಿದೆ ಎಂದರ್ಥ. ಇದಕ್ಕೆ ಮೊದಲ ಚಿಕಿತ್ಸೆ ಡ್ರಾಪ್ಸ್ ಅಲ್ಲ, ಶುಚಿ ಮಾಡುವುದು. ನಾಳದ ತುಂಬ ಕೀವು, ಸಿಪ್ಪೆ, ಬೂಷ್ಟು ಇರುವಾಗ ಮೇಲಿಂದ ಎಷ್ಟು ಹನಿ ಬಿಟ್ಟರೂ ಔಷಧಿ ಚರ್ಮಕ್ಕೆ ತಾಗುವುದಿಲ್ಲ. ವೈದ್ಯರು ಸಣ್ಣ ಕೊಳವೆಯಿಂದ ಅದನ್ನೆಲ್ಲ ಹೀರಿ ತೆಗೆಯುತ್ತಾರೆ. ನಾಳ ಊದಿ ಮುಚ್ಚಿಹೋಗಿದ್ದರೆ ಇಚ್ಥಮಾಲ್ ಗ್ಲಿಸರಿನ್‌ನಲ್ಲಿ ಅದ್ದಿದ ಬತ್ತಿ ಇಡುತ್ತಾರೆ. ಕಪ್ಪಗೆ, ಡಾಂಬರಿನ ವಾಸನೆಯ ಆ ಔಷಧಿ ಊತದ ನೀರನ್ನು ಎಳೆದು ದಾರಿ ಬಿಡಿಸುತ್ತದೆ. ಆಮೇಲೆ ಡ್ರಾಪ್ಸ್. ವಾರ, ಹತ್ತು ದಿನದಲ್ಲಿ ವಾಸಿ.

ಆದರೆ ಈ ಸಾಲಿನಲ್ಲಿ ನಿಂತವರಲ್ಲೇ ಎಲ್ಲೋ ಒಬ್ಬರು ಬೇರೆಯವರಿರುತ್ತಾರೆ. ವಯಸ್ಸು ಅರವತ್ತು ದಾಟಿರುತ್ತದೆ, ಸಕ್ಕರೆ ಕಾಯಿಲೆ ಹಳೆಯದಾಗಿರುತ್ತದೆ. ಕಿವಿನೋವು ಶುರುವಾಗಿ ವಾರಗಳಾಗಿರುತ್ತವೆ, ಹಗಲು ಹೇಗೋ ತಡೆದುಕೊಂಡರೂ ರಾತ್ರಿ ಮಲಗಲು ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಕಿವಿಯಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅವರ ಕಾಯಿಲೆ ಚರ್ಮ ದಾಟಿ ಮೂಳೆಗೆ ಇಳಿದಿರಬಹುದು. ಇದರ ಹೆಸರು ನೆಕ್ರೋಟೈಸಿಂಗ್ ಒಟೈಟಿಸ್ ಎಕ್ಸ್‌ಟರ್ನಾ. ಹಳೆಯ ಪುಸ್ತಕಗಳಲ್ಲಿ, ಈಗಲೂ ಎಷ್ಟೋ ಡಿಸ್ಚಾರ್ಜ್ ಪತ್ರಗಳಲ್ಲಿ ಮ್ಯಾಲಿಗ್ನೆಂಟ್ ಎಂದಿರುತ್ತದೆ. ಹೆಸರು ಹಾಗಿದ್ದರೂ ಇದು ಕ್ಯಾನ್ಸರ್ ಅಲ್ಲ, ಸೋಂಕು. ಚಿಕಿತ್ಸೆ ಇದೆ, ಆದರೆ ಅದು ಡ್ರಾಪ್ಸ್‌ನಲ್ಲಿ ಮುಗಿಯುವ ಚಿಕಿತ್ಸೆಯಲ್ಲ.

ನನ್ನ ಸೋದರಮಾವನಿಗೆ ಇದು ಬಂತು. ಸಿದ್ದಾಪುರದ ಕಡೆ ಅಡಿಕೆ ತೋಟ. ಮದ್ದು ಹೊಡೆಯುವುದು, ಕೊನೆ ಕೊಯ್ಯುವುದು ಎಲ್ಲವನ್ನೂ ಎದುರು ನಿಂತು ಮಾಡಿಸುವ ಮನುಷ್ಯ. ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯೂ ಇತ್ತು, ಊಟದ ಪಥ್ಯ ಮಾತ್ರ ಹಬ್ಬದ ದಿನ ಇರುತ್ತಿರಲಿಲ್ಲ. ನಮ್ಮಲ್ಲಿ ಹಬ್ಬಕ್ಕೇನು ಕೊರತೆ! ಕಿವಿ ಕಟ್ಟಿದೆ ಎಂದು ಒಂದು ಕಡೆ ಗುಗ್ಗೆ ತೆಗೆಸಲು ಹೋದರು, ಅಲ್ಲಿ ಪಿಚಕಾರಿಯಿಂದ ನೀರು ಹಾಯಿಸಿ ತೆಗೆದರು. ಅದಾಗಿ ಕೆಲವು ದಿನಕ್ಕೆ ನೋವು. ಸಕ್ಕರೆ ಕಾಯಿಲೆ ಇರುವ ಹಿರಿಯರ ಕಿವಿಗೆ ಹೀಗೆ ನೀರು ಹಾಯಿಸಿದ ಮೇಲೆ ಈ ಸೋಂಕು ಕಾಣಿಸಿಕೊಳ್ಳುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಅಂಥವರ ಗುಗ್ಗೆಯನ್ನು ಒಣಗಿದ ರೀತಿಯಲ್ಲಿ, ಹೀರುವ ಕೊಳವೆಯಿಂದಲೋ ಸಣ್ಣ ಕೊಕ್ಕೆಯಿಂದಲೋ ಕಣ್ಣಿಗೆ ಕಾಣುವ ಹಾಗೆ ತೆಗೆಯುವುದು ಒಳ್ಳೆಯದು.

ನೋವಿಗೆ ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಟ್ಟರು. ಪೇಟೆಗೆ ಹೋದವರ ಕೈಯಲ್ಲಿ ಡ್ರಾಪ್ಸ್ ತರಿಸಿದರು, ಒಂದು ಮುಗಿದ ಮೇಲೆ ಇನ್ನೊಂದು. ಇಲ್ಲಿ ಸಿಗುವ ಕಿವಿಯ ಡ್ರಾಪ್ಸ್‌ಗಳಲ್ಲಿ ಎಷ್ಟೋ ಬಗೆಯವು ಆಂಟಿಬಯೋಟಿಕ್, ಬೂಷ್ಟಿನ ಔಷಧಿ, ಸ್ಟೆರಾಯ್ಡ್, ಮರಗಟ್ಟಿಸುವ ಔಷಧಿ ನಾಲ್ಕನ್ನೂ ಸೇರಿಸಿ ಮಾಡಿದವು. ಮರಗಟ್ಟಿಸುವ ಔಷಧಿ ಸ್ವಲ್ಪ ಹೊತ್ತು ನೋವನ್ನು ಮುಚ್ಚುತ್ತದೆ, ಸ್ಟೆರಾಯ್ಡ್ ಊತವನ್ನು ಮುಚ್ಚುತ್ತದೆ. ಕೆಳಗಿನ ಮೂಳೆಯಲ್ಲಿ ನಡೆಯುವುದನ್ನು ಇವು ಯಾವುದೂ ಮುಟ್ಟುವುದಿಲ್ಲ. ಮಾವನ ಮನೆಗೆ ನಾನು ಹೋದಾಗ ಅವರು ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದರು. ಅಗಿದರೆ ದವಡೆಯ ಸಂದಿ ನೋಯುತ್ತದೆ ಎಂದರು. ಆ ಸಂದಿ ಇರುವುದು ಕಿವಿಯ ನಾಳದ ಮುಂದಿನ ಗೋಡೆಗೆ ಹತ್ತಿಕೊಂಡೇ. ಬಾಯಿ ಮುಕ್ಕಳಿಸುವಾಗ ಬಲಗಡೆಯಿಂದ ನೀರು ಸೋರುತ್ತದೆ ಎಂದು ಅತ್ತೆ ಹೇಳಿದರು. ನೆರೆಯವರು ಲಕ್ವ ಹೊಡೆದಿದೆ ಎಂದುಕೊಂಡಿದ್ದರು.

ಮರುದಿನವೇ ಹುಬ್ಬಳ್ಳಿಗೆ ಹೊರಟೆವು. ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರು. ಜಿಲ್ಲೆಯಲ್ಲೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿಯ ಜನ ವರ್ಷಗಳಿಂದ ಕೇಳುತ್ತಿರುವುದಕ್ಕೆ ಕಾರಣ ಏನೆಂದು ಈ ಘಟ್ಟದ ದಾರಿಗಳಲ್ಲಿ ಒಬ್ಬ ನೋವಿನ ರೋಗಿಯನ್ನು ಕರೆದೊಯ್ದವರಿಗೆ ವಿವರಿಸಬೇಕಿಲ್ಲ.

ಅಲ್ಲಿಯ ಇಎನ್‌ಟಿ (ಕಿವಿ, ಮೂಗು, ಗಂಟಲಿನ) ವೈದ್ಯೆ ಮೊದಲು ಮುಖ ನೋಡಿದರು. ಹುಬ್ಬೇರಿಸಿ ಎಂದರು. ಬಲಗಡೆಯ ಹಣೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ, ಬಲಗಣ್ಣು ಪೂರ್ತಿ ಮುಚ್ಚಲಿಲ್ಲ. ಮಿದುಳಿನ ಲಕ್ವವಾದರೆ ಸಾಮಾನ್ಯವಾಗಿ ಹಣೆ ಉಳಿದುಕೊಳ್ಳುತ್ತದೆ, ಇಲ್ಲಿ ಹಣೆಯೂ ಹೋಗಿದೆ, ಆದ್ದರಿಂದ ಪೆಟ್ಟು ಬಿದ್ದಿರುವುದು ಮುಖದ ನರಕ್ಕೇ ಎಂದರು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಕಿವಿ ನೋಡಿ, ಪರದೆಯ ಮೇಲೆ ನನಗೂ ತೋರಿಸಿದರು. ನಾಳದ ನೆಲದಲ್ಲಿ, ಮೃದ್ವಸ್ಥಿ ಮುಗಿದು ಮೂಳೆ ಶುರುವಾಗುವ ಜಾಗದಲ್ಲಿ, ಕೆಂಪಗೆ ಒಂದು ದುರ್ಮಾಂಸದ ಗಂಟು. ಈ ಕಾಯಿಲೆಯ ಗುರುತೇ ಅದು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ದೊಡ್ಡವರ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಮೂಳೆ. ಆ ಮೃದ್ವಸ್ಥಿಯಲ್ಲಿ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿವೆ. ಆರೋಗ್ಯವಂತರಲ್ಲಿ ಅದರಿಂದ ಏನೂ ಆಗುವುದಿಲ್ಲ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ರಕ್ತನಾಳಗಳು ಸೊರಗಿರುತ್ತವೆ, ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಮಂದವಾಗಿರುತ್ತವೆ, ಗುಗ್ಗೆಯಲ್ಲಿರಬೇಕಾದ ಆಮ್ಲದ ಗುಣವೂ ಕಡಿಮೆ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇಷ್ಟು ಸಾಕು. ನೀರು, ತೇವ ಇರುವಲ್ಲೆಲ್ಲ ಬದುಕುವ ಜೀವಿ ಅದು. ಬಿರುಕುಗಳ ಮೂಲಕ ತಲೆಬುರುಡೆಯ ತಳಕ್ಕೆ ಇಳಿಯುತ್ತದೆ. ಅಲ್ಲಿ ಮೊದಲು ಸಿಗುವುದು ಮುಖದ ನರ ಹೊರಬರುವ ತೂತು. ಇನ್ನೂ ಒಳಗೆ ಹೋದರೆ ನುಂಗುವುದಕ್ಕೆ, ದನಿಗೆ, ಭುಜ ಎತ್ತುವುದಕ್ಕೆ, ನಾಲಗೆಗೆ ಸಂಬಂಧಪಟ್ಟ ನರಗಳು. ಒಂದೊಂದಾಗಿ ಅವೂ ಸೋಲಬಹುದು. ಜ್ವರ ಮಾತ್ರ ಬರದೇ ಇರಬಹುದು. ಮಾವನಿಗೂ ಬಂದಿರಲಿಲ್ಲ. ಜ್ವರವಿಲ್ಲ ಎಂದೇ ಮನೆಯವರು ನಿಶ್ಚಿಂತೆಯಾಗಿದ್ದರು.

ದಾಖಲು ಮಾಡಿಕೊಂಡ ದಿನ ಅವರು ಮಾಡಿದ ಮೊದಲ ಕೆಲಸ ಔಷಧಿ ಕೊಡುವುದಲ್ಲ, ಕೀವಿನ ಮಾದರಿ ತೆಗೆಯುವುದು. ಆಂಟಿಬಯೋಟಿಕ್ ಶುರುವಾದ ಮೇಲೆ ತೆಗೆದರೆ ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದೇ ಹೋಗಬಹುದು. ಆಗ ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ತಿಳಿಯುವ ದಾರಿ ಮುಚ್ಚಿದ ಹಾಗೆ. ಸಿಕ್ಕಸಿಕ್ಕ ಡ್ರಾಪ್ಸ್, ಅರ್ಧಂಬರ್ಧ ಕೋರ್ಸ್ ಮಾತ್ರೆ ಬೇಡ ಎಂದು ನಾನು ಅಂಗಡಿಯಲ್ಲಿ ಇಷ್ಟು ಜಗಳವಾಡುವುದು ಇದಕ್ಕೇ. ದುರ್ಮಾಂಸದ ಒಂದು ತುಣುಕನ್ನು ಬಯಾಪ್ಸಿಗೆ ಕಳಿಸಿದರು. ಕಿವಿಯ ನಾಳದ ಕ್ಯಾನ್ಸರ್ ಕೂಡ ಹೀಗೇ ಕಾಣುವುದರಿಂದ ಅದಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ರಕ್ತದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಮೂತ್ರಪಿಂಡದ ಪರೀಕ್ಷೆ ಆಯಿತು. ಸಿಟಿ ಸ್ಕ್ಯಾನ್‌ನಲ್ಲಿ ನಾಳದ ಕೆಳಗಿನ ಮೂಳೆ ಸವೆದಿದ್ದು ಕಂಡಿತು. ಸಿಟಿಯಲ್ಲಿ ಕಾಣಬೇಕಾದರೆ ಮೂಳೆಯ ಸುಣ್ಣ ಮೂರನೇ ಒಂದು ಭಾಗದಷ್ಟಾದರೂ ಕರಗಿರಬೇಕು. ಅದಕ್ಕೇ ಆರಂಭದಲ್ಲಿ ಸಿಟಿ ಸರಿಯಿದೆ ಎಂದ ಮಾತ್ರಕ್ಕೆ ಅನುಮಾನ ಬಿಡಬಾರದು. ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತುವನ್ನು ಹಾಕಿ ಮಾಡುವ ಬೋನ್ ಸ್ಕ್ಯಾನ್ ಬೇಗ ಹಿಡಿಯುತ್ತದೆ, ಆದರೆ ವಾಸಿಯಾದ ಎಷ್ಟೋ ತಿಂಗಳ ಮೇಲೂ ಅದು ಹಾಗೇ ಹೊಳೆಯುತ್ತಿರುತ್ತದೆ. ಔಷಧಿ ಯಾವಾಗ ನಿಲ್ಲಿಸಬೇಕೆಂದು ಅದು ಹೇಳಲಾರದು.

ಚಿಕಿತ್ಸೆಯ ಮಾತಿಗೆ ಬಂದರೆ ಫಾರ್ಮಸಿಸ್ಟ್ ಆದ ನನಗೆ ಸುಮ್ಮನಿರಲು ಆಗುವುದಿಲ್ಲ. ಅಮೆರಿಕದ ಜೇಮ್ಸ್ ಚಾಂಡ್ಲರ್ 1968ರಲ್ಲಿ ಈ ಕಾಯಿಲೆಯ 13 ರೋಗಿಗಳ ಬಗ್ಗೆ ಬರೆದರು. ಆ ಕಾಲದಲ್ಲಿ ಇದು ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕುತ್ತಿರಲಿಲ್ಲ. ಆಮೇಲೆ ಜೆಂಟಾಮೈಸಿನ್‌ನಂಥ ಚುಚ್ಚುಮದ್ದುಗಳು ಬಂದವು. ಸೂಡೊಮೊನಾಸನ್ನು ಕೊಲ್ಲುತ್ತಿದ್ದವು ನಿಜ, ಜೊತೆಗೆ ಮೂತ್ರಪಿಂಡಕ್ಕೂ ಒಳಕಿವಿಗೂ ಹಾನಿ ಮಾಡುತ್ತಿದ್ದವು. ಸಕ್ಕರೆ ಕಾಯಿಲೆಯ ವೃದ್ಧರಿಗೆ, ಅದೂ ಕಿವಿಯ ರೋಗಕ್ಕೆ, ಕಿವಿಯನ್ನೇ ಕೆಡಿಸುವ ಔಷಧಿಯನ್ನು ವಾರಗಟ್ಟಲೆ ಕೊಡಬೇಕಾಗಿತ್ತು. 1980ರ ದಶಕದ ಕೊನೆಗೆ ಸಿಪ್ರೊಫ್ಲಾಕ್ಸಸಿನ್ ಬಂದ ಮೇಲೆ ಚಿತ್ರವೇ ಬದಲಾಯಿತು. ಬಾಯಿಂದ ನುಂಗುವ ಮಾತ್ರೆಯೊಂದು ಮೂಳೆಯೊಳಗೆ ಸಾಕಷ್ಟು ಪ್ರಮಾಣದಲ್ಲಿ ಇಳಿದು ಸೂಡೊಮೊನಾಸನ್ನು ಮಣಿಸುವುದು ಅದಕ್ಕೆ ಮೊದಲು ಇರಲೇ ಇಲ್ಲ. ಇಂಥ ಒಳ್ಳೆಯ ಔಷಧಿಯನ್ನು ನಾವು ಭೇದಿಗೆ, ನೆಗಡಿಗೆ, ಸುಮ್ಮನೆ ಮೈ ಬಿಸಿಯಾದದ್ದಕ್ಕೆ ಎರಡೆರಡು ಮಾತ್ರೆ ನುಂಗಿ ಮೊಂಡು ಮಾಡುತ್ತಿದ್ದೇವೆ. ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದ ಸೂಡೊಮೊನಾಸ್ ಈಗ ಅಪರೂಪವಲ್ಲ. ಆಗ ಸೆಫ್ಟಾಜಿಡೈಮ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಕೊನೆಗೆ ಮೆರೊಪೆನೆಮ್ ಚುಚ್ಚುಮದ್ದು. ಮೆರೊಪೆನೆಮ್ ಷೆಡ್ಯೂಲ್ ಎಚ್1ರ, ಅಂದರೆ ಬಿಗಿ ನಿಯಮದಲ್ಲಿ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯ ಔಷಧಿ. ಮಾರಿದ ಪ್ರತಿ ಸಲ ವೈದ್ಯರ ಮತ್ತು ರೋಗಿಯ ವಿವರ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಪುಸ್ತಕ ತುಂಬುತ್ತಿರುವುದು ನೋಡಿದಾಗಲೆಲ್ಲ ನನಗೆ ಭಯವಾಗುತ್ತದೆ.

ಮಾವನಿಗೆ ಕಲ್ಚರ್ ವರದಿ ಬರುವ ತನಕ ಚುಚ್ಚುಮದ್ದು ನಡೆಯಿತು. ಬೆಳೆದದ್ದು ಸೂಡೊಮೊನಾಸ್, ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗುವಂಥದ್ದೇ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಸಕ್ಕರೆಗೆ ಮಾತ್ರೆ ನಿಲ್ಲಿಸಿ ಇನ್ಸುಲಿನ್ ಹಾಕಿದರು. ದಿನ ಬಿಟ್ಟು ದಿನ ಕಿವಿಯನ್ನು ಹೀರಿ ಶುಚಿ ಮಾಡಿದರು. ಆಪರೇಷನ್ ಮಾಡಿ ಕೆಟ್ಟ ಮೂಳೆ ತೆಗೆದುಬಿಡಬಾರದೇ ಎಂದು ಮಾವನ ಮಗ ಕೇಳಿದ. ಮೊದಲು ಹಾಗೇ ಮಾಡುತ್ತಿದ್ದರಂತೆ. ಸೋಂಕು ಮೂಳೆಯೊಳಗಿನ ದಾರಿಗಳಲ್ಲಿ ಹರಡಿರುವುದರಿಂದ ಕೊರೆದು ತೆಗೆದು ಮುಗಿಸಲಾಗದು, ಈಗ ಬಯಾಪ್ಸಿಗೆ, ಕೀವು ಕಟ್ಟಿದ್ದರೆ ಅದನ್ನು ಬಿಡಿಸುವುದಕ್ಕೆ, ಸತ್ತ ಚೂರು ತೆಗೆಯುವುದಕ್ಕೆ ಮಾತ್ರ ಕತ್ತರಿ ಎಂದು ವೈದ್ಯೆ ಹೇಳಿದರು. ಮುಖದ ನರವನ್ನೂ ಇದರಲ್ಲಿ ಆಪರೇಷನ್ ಮಾಡಿ ಬಿಡಿಸುವುದಿಲ್ಲ. ಕಣ್ಣು ಒಣಗದಂತೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್. ಅತ್ತೆ ಅದನ್ನು ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಪಕ್ಕದ ಹಾಸಿಗೆಯಲ್ಲಿದ್ದವರಿಗೆ ಇದೇ ರೋಗ, ಆದರೆ ಬೂಷ್ಟಿನಿಂದ ಬಂದದ್ದು. ಆಂಟಿಬಯೋಟಿಕ್‌ಗೆ ಜಗ್ಗದಿದ್ದಾಗ ಮತ್ತೆ ಬಯಾಪ್ಸಿ ಮಾಡಿ ಆಸ್ಪರ್ಜಿಲಸ್ ಎಂದು ಕಂಡುಹಿಡಿದಿದ್ದರು. ಅವರಿಗೆ ಬೂಷ್ಟಿನ ಔಷಧಿಯಾದ ವೊರಿಕೊನಜೋಲ್, ಅದೂ ಮೂರು ತಿಂಗಳಿಗೂ ಹೆಚ್ಚು. ಆ ಮಾತ್ರೆಯ ಬೆಲೆ ನನಗೆ ಗೊತ್ತು. ಅವರ ಮಗ ಬಿಲ್ ಹಿಡಿದು ಕೂತಿದ್ದನ್ನು ನೋಡಿ ಹೊಟ್ಟೆ ಹಿಂಡಿದಂತಾಯಿತು.

ಮನೆಗೆ ಕಳಿಸುವಾಗ ಚೀಟಿಯಲ್ಲಿ ಸಿಪ್ರೊಫ್ಲಾಕ್ಸಸಿನ್ 750 ಮಿಲಿಗ್ರಾಂ, ದಿನಕ್ಕೆ ಎರಡು. ಒಟ್ಟು ಆರು ವಾರ, ಆಮೇಲೆ ನೋಡಿ ಮುಂದುವರಿಸುವುದು. ನನ್ನ ಕೆಲಸ ಶುರುವಾದದ್ದು ಆಗ. ಮಾವ ದಿನಕ್ಕೆ ಮೂರು ಹೊತ್ತು ಮಜ್ಜಿಗೆ ಕುಡಿಯುವವರು. ಹಾಲು, ಮೊಸರು, ಮಜ್ಜಿಗೆಯಲ್ಲಿರುವ ಸುಣ್ಣದಂಶ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಸತು, ಎದೆಯುರಿಗೆ ಕುಡಿಯುವ ಬಿಳಿ ಸಿರಪ್‌ಗಳೂ ಅಷ್ಟೇ. ಇವುಗಳಿಗಿಂತ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ನಂತರ ಸಿಪ್ರೊಫ್ಲಾಕ್ಸಸಿನ್ ನುಂಗಬೇಕು. ನಾವು ಬೆಳಿಗ್ಗೆ ಆರಕ್ಕೆ ಒಂದು, ಸಂಜೆ ಆರಕ್ಕೆ ಒಂದು, ಬರೀ ನೀರಿನಲ್ಲಿ ಎಂದು ಗೊತ್ತು ಮಾಡಿದೆವು. ಮಜ್ಜಿಗೆ ಮಧ್ಯಾಹ್ನದ ಊಟಕ್ಕೆ ಮಾತ್ರ, ಅದೂ ಹನ್ನೆರಡರೊಳಗೆ. ಅವರ ಮಾತ್ರೆ ಡಬ್ಬಿಯಲ್ಲಿ ಬೆನ್ನುನೋವಿಗೆಂದು ಟಿಜಾನಿಡಿನ್ ಸೇರಿದ ಮಾತ್ರೆ ಇತ್ತು. ಸಿಪ್ರೊಫ್ಲಾಕ್ಸಸಿನ್ ಜೊತೆ ಅದನ್ನು ಕೊಡಲೇಬಾರದು, ರಕ್ತದೊತ್ತಡ ಕುಸಿದು ಬೀಳಬಹುದು. ಅದನ್ನು ಎತ್ತಿಕೊಂಡು ಬಂದೆ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಸಕ್ಕರೆ ಒಮ್ಮೆಲೇ ಇಳಿಯುವ ಅಪಾಯವೂ ಇದೆ. ಹಿಮ್ಮಡಿಯ ಮೇಲಿನ ನರದಂಥ ಕಟ್ಟು ನೋಯತೊಡಗಿದರೆ ಕೂಡಲೇ ಹೇಳಬೇಕು, ವಯಸ್ಸಾದವರಲ್ಲಿ ಅದು ಹರಿಯುವುದುಂಟು. ಇದನ್ನೆಲ್ಲ ಚೀಟಿಯಲ್ಲಿ ಯಾರೂ ಬರೆದಿರುವುದಿಲ್ಲ. ಔಷಧಿ ಕೊಡುವವರನ್ನು ಕೇಳಿ. ನಾವು ಓದಿರುವುದು ಅದಕ್ಕೇ.

ಎರಡನೇ ವಾರದ ಹೊತ್ತಿಗೆ ಮಾವನಿಗೆ ರಾತ್ರಿ ನಿದ್ದೆ ಬಂತು. ಮೂರನೇ ವಾರ ಅನ್ನ ಅಗಿದು ಉಂಡರು. ಆಮೇಲೆ ಶುರುವಾಯಿತು ನಮ್ಮ ಜಗಳ. ನೋವು ಹೋಯಿತಲ್ಲ, ಇನ್ನು ಯಾಕೆ ಮಾತ್ರೆ, ಬಾಯೆಲ್ಲ ಕಹಿ ಎಂದು. ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಔಷಧಿ ತಲುಪುವುದು ನಿಧಾನ, ನೋವು ಹೋದರೂ ಒಳಗೆ ಬ್ಯಾಕ್ಟೀರಿಯಾ ಉಳಿದಿರುತ್ತದೆ, ಅರ್ಧಕ್ಕೆ ಬಿಟ್ಟರೆ ಮತ್ತೆ ಬರುತ್ತದೆ, ಬಂದದ್ದು ಈ ಮಾತ್ರೆಗೆ ಬಗ್ಗುವುದಿಲ್ಲ ಎಂದು ನಾನು ಹೇಳಿದ್ದು ಅವರಿಗೆ ನಾಟಲಿಲ್ಲ. ‘ಮಳೆಗಾಲದಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೀತೀರಲ್ಲ ಮಾವ, ಒಂದು ಸಲ ಹೊಡೆದು ಕಾಯಿ ಉದುರೋದು ನಿಂತ ಕೂಡಲೇ ಎರಡನೇ ಸಲದ್ದು ಬಿಡ್ತೀರಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಳೆ ಇನ್ನೂ ಇದೆ ಅಂತೀಯ’ ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಮಳೆ ಇತ್ತೋ ಇಲ್ಲವೋ ಎಂದು ನಮಗೆ ಹೇಳಿದ್ದು ಇಎಸ್‌ಆರ್. ದುಬಾರಿ ಪರೀಕ್ಷೆಯಲ್ಲ, ತಾಲ್ಲೂಕಿನ ಲ್ಯಾಬ್‌ನಲ್ಲೂ ಆಗುತ್ತದೆ. ಸೋಂಕು ತಗ್ಗಿದಂತೆ ಅದು ಇಳಿಯಬೇಕು, ಇಳಿಯದಿದ್ದರೆ ಅಥವಾ ಇಳಿದದ್ದು ಮತ್ತೆ ಏರಿದರೆ ಎಚ್ಚರಿಕೆ. ಪ್ರತಿ ಸಲದ ಅಂಕಿಯನ್ನು ಅತ್ತೆ ಕ್ಯಾಲೆಂಡರಿನಲ್ಲಿ ಬರೆದಿಟ್ಟರು, ಪಕ್ಕದಲ್ಲಿ ಬೆಳಗಿನ ಸಕ್ಕರೆ. ಸಕ್ಕರೆ ಹತೋಟಿಗೆ ಬರದೆ ಈ ರೋಗ ಬಿಡುವುದಿಲ್ಲ, ಔಷಧಿ ಎಷ್ಟೇ ಒಳ್ಳೆಯದಿರಲಿ. ಸ್ನಾನಕ್ಕೆ ಮೊದಲು ವ್ಯಾಸ್ಲಿನ್ ಸವರಿದ ಹತ್ತಿ ಕಿವಿಗೆ, ಸ್ನಾನವಾದ ಕೂಡಲೇ ತೆಗೆದು ಬಿಸಾಡುವುದು. ಎಣ್ಣೆ ಸ್ನಾನ ಬಂದ್. ಆರು ವಾರ ಮುಗಿದಾಗ ಇಎಸ್‌ಆರ್ ಇನ್ನೂ ಪೂರ್ತಿ ಇಳಿದಿರಲಿಲ್ಲವೆಂದು ಮಾತ್ರೆ ಮುಂದುವರಿಸಿದರು. ಮಾವ ತಕರಾರಿಲ್ಲದೆ ನುಂಗಿದರು. ಈಗ ಸೋಂಕು ಇಲ್ಲ. ಕಣ್ಣು ಮುಚ್ಚುತ್ತದೆ, ನಗುವಾಗ ಬಾಯಿ ಇನ್ನೂ ಸ್ವಲ್ಪ ಎಡಕ್ಕೆ ಹೋಗುತ್ತದೆ. ಅದು ಇಷ್ಟಕ್ಕೇ ನಿಲ್ಲಬಹುದು ಎಂದು ವೈದ್ಯೆ ಮೊದಲೇ ಹೇಳಿದ್ದರು. ಎರಡು ವಾರ ಮೊದಲು ಬಂದಿದ್ದರೆ ಎಂದು ಅವರು ಮಾತು ಅರ್ಧಕ್ಕೆ ನಿಲ್ಲಿಸಿದ್ದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಈಗ ಕೌಂಟರ್‌ಗೆ ಬಂದು ಕಿವಿಯ ಡ್ರಾಪ್ಸ್ ಕೇಳಿದವರಿಗೆ ನಾನು ಮರಳಿ ಕೇಳುವುದು ಮೂರು ಮಾತು. ಯಾರಿಗೆ, ವಯಸ್ಸೆಷ್ಟು? ಶುಗರ್ ಇದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಹಿರಿಯರಿಗೆ, ಶುಗರ್ ಇದೆ, ನಿದ್ದೆ ಇಲ್ಲ ಎಂದರೆ ಬಾಟಲಿ ಕೊಡುವುದಿಲ್ಲ. ಕೆಲವರು ಸಿಟ್ಟಾಗಿ ಹೋಗುತ್ತಾರೆ, ಹೋಗಲಿ. ಕಿಮೋಥೆರಪಿ ಆದವರು, ಕಿಡ್ನಿ ಬದಲಿಸಿಕೊಂಡವರು, ಎಚ್‌ಐವಿ ಇರುವವರು, ದೀರ್ಘಕಾಲ ಸ್ಟೆರಾಯ್ಡ್ ನುಂಗುವವರು ಕೂಡ ಇದೇ ಗುಂಪಿಗೆ ಸೇರುತ್ತಾರೆ.

ಇಎನ್‌ಟಿ ವೈದ್ಯರ ಹತ್ತಿರ ಹೋಗುವಾಗ ಅಲ್ಲಿಯವರೆಗೆ ಹಾಕಿದ ಡ್ರಾಪ್ಸ್‌ಗಳ ಖಾಲಿ ಬಾಟಲಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಸಕ್ಕರೆ ವರದಿ ಜೊತೆಗಿರಲಿ. ಹೊಸ ಆಂಟಿಬಯೋಟಿಕ್ ಬರೆದುಕೊಟ್ಟರೆ ಕೀವನ್ನು ಕಲ್ಚರ್‌ಗೆ ಕಳಿಸಿದ್ದೀರಾ ಎಂದು ಕೇಳಿ. ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಬಾಯಿ ಸೊಟ್ಟಗಾಗಿದ್ದರೆ, ದನಿ ಬದಲಾಗಿದ್ದರೆ, ನುಂಗಲು ಕಷ್ಟವಾದರೆ ಮರುದಿನದ ಬಸ್ಸಿಗೆ ಕಾಯಬೇಡಿ, ಅದೇ ದಿನ ಹೊರಡಿ.